ಮಜ್ಜಿಗೆಯ ಮೇಲೆ ಹೊರಿಸಿದ ತಪ್ಪು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ನೋಟುಬುಕ್ಕು ತೆರೆದು ನಮ್ಮೂರ ಬಾವಿಯ ಬಗ್ಗೆ ಬರೆದೆ. ಇನ್ನೊಮ್ಮೆ ಕಚೇರಿಗೆ ಸೇರಿದ ಮೊದಲ ದಿನದ ಬಗ್ಗೆ ಬರೆದೆ. ಬರೆದದ್ದು ಸುಳ್ಳಲ್ಲ. ಆದರೆ ಬರೆಯಬೇಕಾದದ್ದು ಅದಲ್ಲ ಎಂದು ಪೆನ್ನು ಹಿಡಿದ ಕೈಗೆ ಗೊತ್ತಿತ್ತು. ಮುಂದೆ ಹಾಕುತ್ತ ಬಂದೆ. ಇನ್ನು ಮುಂದೆ ಹಾಕಲು ನನ್ನಲ್ಲಿ ದಿನಗಳಿಲ್ಲ.

ಹೋದ ತಿಂಗಳು ಆಳಂದದಲ್ಲಿ ಸಂಗೀತ ಕಾರ್ಯಕ್ರಮವೊಂದಕ್ಕೆ ನನ್ನನ್ನು ಕರೆದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಹಾಡುವವನು ಇಪ್ಪತ್ತೈದರ ಹುಡುಗ. ಬಾಯಿ ತೆರೆದು ಎರಡು ಸ್ವರ ಹಚ್ಚಿದವನು ನಿಲ್ಲಿಸಿದ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂತವನ ಕಡೆ ವಾಲಿ, "ಸ್ವರ ಸ್ವಲ್ಪ ಕೆಳಗ ತಗೋರಿ" ಎಂದ. ಆತ ನಕ್ಕು ಬೆರಳು ಸರಿಸಿದ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು, ಯಾರೂ ತಪ್ಪು ತಿಳಿಯಲಿಲ್ಲ. ಹಾಡು ಚೆನ್ನಾಗಿ ಆಯಿತು.

ನಾನು ಮನೆಗೆ ಬಂದು ಊಟ ಬೇಡವೆಂದೆ. ಇಷ್ಟು ಸುಲಭದ ಮಾತು ಇದು. ಅಂದು ಅಫಜಲಪುರದಲ್ಲಿ ಈ ಒಂದು ಮಾತನ್ನು ಆಡಬೇಕಾದವನು ಆಡಲಿಲ್ಲ. ಅವನು ಆಡುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಮೂವತ್ತರ ದಶಕ ಮುಗಿಯುತ್ತ ಬಂದ ಕಾಲ, ನಿಜಾಮರ ರಾಜ್ಯ. ನನ್ನ ಅಪ್ಪನ ಊರು ಯಡ್ರಾಮಿಯ ಕಡೆಯದು. ಅಲ್ಲಿ ಸಾಲೆ ಇಲ್ಲದ್ದರಿಂದ ನನ್ನನ್ನು ಜೇವರ್ಗಿಯಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಮಾವ ಹೊಲ ನೋಡಿಕೊಳ್ಳುತ್ತಿದ್ದ. ಮನೆ ಅತ್ತೆಯದು. ಅವಳಿಗೆ ಒಬ್ಬನೇ ಮಗ, ನನಗಿಂತ ಒಂದು ವರ್ಷ ದೊಡ್ಡವ. ಅವನನ್ನು ನಾನು ಭಾವ ಎನ್ನುತ್ತಿದ್ದೆ. ನಾನು ಮುಂದೆ ಗುಲಬರ್ಗಾಕ್ಕೆ ಹೋಗಿ ಉರ್ದುವಿನಲ್ಲಿ ಮೆಟ್ರಿಕ್ ಮುಗಿಸಿದೆ. ಭಾವ ನಾಲ್ಕನೆಯ ಇಯತ್ತೆಗೇ ಪಾಟಿ ಬಿಟ್ಟಿದ್ದ. ಆದರೆ ಅವನು ಹಾಡಲು ಶುರುಮಾಡಿದರೆ ಓಣಿಯಲ್ಲಿ ಹೋಗುವವರು ಕಟ್ಟೆಯ ಮೇಲೆ ಕೂರುತ್ತಿದ್ದರು.

ನಮಗಿಬ್ಬರಿಗೂ ಕಲಿಸಿದವರು ಒಬ್ಬರೇ ಮಾಸ್ತರರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಪೇಟಿ ನುಡಿಸಿದವರು. ಹಾರ್ಮೋನಿಯಂಗೆ ನಾವು ಪೇಟಿ ಎಂದೇ ಅನ್ನುವುದು. ಕಂಪನಿ ಮುರಿದ ಮೇಲೆ ಜೇವರ್ಗಿಯ ಬಜಾರಿನಲ್ಲಿ ಬಟ್ಟೆ ಹೊಲಿಯುತ್ತ ಕೂತರು. ನಾವು ಹಾಡುತ್ತಿದ್ದರೆ ಅವರು ಮಷೀನು ತುಳಿಯುತ್ತಲೇ ಇರುವರು. ಸ್ವರ ತಪ್ಪಿದರೆ ಬೈಯುತ್ತಿರಲಿಲ್ಲ, ಕಾಲು ನಿಲ್ಲುತ್ತಿತ್ತು. ಮಷೀನಿನ ಸಪ್ಪಳ ನಿಂತಿತೆಂದರೆ ನಾವು ಮತ್ತೆ ಮೊದಲಿಂದ ಹಾಡುತ್ತಿದ್ದೆವು.

ಅವರದೊಂದು ಕಟ್ಟಳೆ ಇತ್ತು. ಪೇಟಿಯವನು ಕೊಟ್ಟ ಸ್ವರವನ್ನು ಹಾಡುವವನು ಮಂದಿಯ ಮುಂದೆ ಎದುರಾಡಬಾರದು. ಪೇಟಿಗೆ ನಮಸ್ಕಾರ ಮಾಡಿ, ಕೊಟ್ಟದ್ದನ್ನು ತೆಗೆದುಕೊಂಡು ಹಾಡಬೇಕು. ಕಂಪನಿಯಲ್ಲಿ ಹಾಗೆಯೇ ನಡೆಯುತ್ತಿತ್ತಂತೆ. ಪೇಟಿಯವನಿಗೆ 'ಇದು ಬೇಡ, ಬೇರೆ ಕೊಡು' ಎನ್ನುವುದು ಕಲಿಸಿದವರ ಮುಖಕ್ಕೆ ಹೊಡೆದಂತೆ ಎಂದು ಅವರು ಹೇಳುವರು.

ಓದುವವರಿಗೆ ಇಷ್ಟು ತಿಳಿದಿರಲಿ. ಪೇಟಿಯ ಮೇಲೆ ಕರಿ ಮನೆ, ಬಿಳಿ ಮನೆ ಎಂದು ಇರುತ್ತವೆ. ಹಾಡುವವನ ಮೊದಲ ಸ್ವರ ಯಾವ ಮನೆಯಿಂದ ಶುರುವಾದರೆ ಅವನ ಕಂಠಕ್ಕೆ ಹಿತವೋ ಅದೇ ಅವನ ಮನೆ. ಭಾವನದು ಕರಿ ಒಂದು. ನನ್ನದು ಅದಕ್ಕಿಂತ ಮೇಲೆ, ಕರಿ ಎರಡು. ನನ್ನ ದನಿ ತೆಳ್ಳಗೆ, ಮೇಲಕ್ಕೆ ಹೋಗುತ್ತಿತ್ತು. ಅವನದು ತುಂಬಿದ ದನಿ.

ಆ ವರ್ಷ ಬೇಸಿಗೆಯಲ್ಲಿ ಒಂದು ದೊಡ್ಡ ನಾಟಕ ಕಂಪನಿ ಅಫಜಲಪುರದಲ್ಲಿ ಬಿಡಾರ ಹಾಕಿತು. ಹಾಡುವ ನಟನೊಬ್ಬ ಬಿಟ್ಟುಹೋಗಿದ್ದಾನೆ, ಒಬ್ಬ ಬೇಕಾಗಿದ್ದಾನೆ ಎಂದು ಮಾಲೀಕರು ಮಾಸ್ತರರಿಗೆ ಹೇಳಿಕಳಿಸಿದರು. ಮಾಸ್ತರರು ಒಂದು ಕ್ಷಣವೂ ಯೋಚಿಸಲಿಲ್ಲ. ಭಾವನನ್ನು ನೋಡಿ ತಯಾರಾಗು ಎಂದರು. ನನ್ನ ಮುಖದಲ್ಲಿ ಏನು ಕಂಡರೋ, ನನ್ನ ಕಡೆ ತಿರುಗಿದರು.

"ನಿನಗ ಓದು ಅದ. ಎಲ್ಲೆರೆ ಕಚೇರಿಯೊಳಗ ಕುರ್ಚಿ ಸಿಗ್ತದ. ಅವಗ ಇದೊಂದೇ. ನೀ ಪೇಟಿ ನುಡಸು."

ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ನಾನು ಅದನ್ನು ಮುಳ್ಳಿನ ಹಾಗೆ ಇಟ್ಟುಕೊಂಡೆ. ನನಗೆ ಕುರ್ಚಿ ಬೇಕಿರಲಿಲ್ಲ. ಗುಲಬರ್ಗಾದಲ್ಲಿ ಓದುವಾಗ ಊಟದ ಪೈಸೆ ಉಳಿಸಿ ನಾಟಕ ನೋಡಿದವನು ನಾನು. ಪರದೆ ಏಳುವ ಮುಂಚೆ ಒಳಗೆ ಪೇಟಿಯ ಮೊದಲ ಸ್ವರ ಹೊರಡುತ್ತದಲ್ಲ, ಆಗ ನಾನೂ ಆ ಪರದೆಯ ಹಿಂದೆ ಇರಬೇಕು ಅನಿಸುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಮಾಸ್ತರರಿಗೂ ಹೇಳಿರಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ.

ಅತ್ತೆಯ ತವರು ಅಫಜಲಪುರ. ಮಗ ಹಾಡುವುದನ್ನು ಕೇಳಬೇಕೆಂದು ಅವಳೂ ಹೊರಟಳು. ಗಾಡಿಯಲ್ಲಿ ಮಾಸ್ತರರು, ಕೌದಿಯಲ್ಲಿ ಸುತ್ತಿದ ಅವರ ಪೇಟಿ, ನಾವಿಬ್ಬರು, ಅತ್ತೆ. ಭೀಮಾ ಹೊಳೆ ದಾಟಿ ಅಫಜಲಪುರ ಮುಟ್ಟುವಷ್ಟರಲ್ಲಿ ಎರಡನೆಯ ದಿನದ ಸಂಜೆಯಾಯಿತು.

ಮರುದಿನ ಮುಂಜಾನೆ ಅತ್ತೆ ತವರಿನ ಅಡಿಗೆಮನೆಯಲ್ಲಿ ಇಬ್ಬರಿಗೂ ಜೋಳದ ನುಚ್ಚು, ಆಗ ತಾನೇ ಕಡೆದ ಮಜ್ಜಿಗೆ ಹಾಕಿದಳು. ಹಾಡುವವರು ಹುಳಿ ತಿನ್ನಬಾರದು ಎಂದು ಮಾಸ್ತರರು ಹೇಳುತ್ತಿದ್ದುದು ಅವಳಿಗೆ ಗೊತ್ತಿತ್ತು. ಇದು ಹುಳಿಯಲ್ಲ, ಸಿಹಿ ಮಜ್ಜಿಗೆ, ಈ ಬಿಸಿಲಿಗೆ ತಂಪು ಎಂದಳು. ಭಾವ ನನ್ನ ಗಂಗಾಳದ ಕಡೆ ಕೈ ತೋರಿಸಿದ.

"ಅವ್ವಾ, ಇವಗ ಇನ್ನೊಂದು ಸವಟು ಹಾಕು. ನಾ ಬರೇ ಹಾಡಾಂವ. ಪೇಟಿಗೆ ಗಾಳಿ ಹಾಕಾಂವ ಇವ."

ಅತ್ತೆ ನಕ್ಕಳು. ನಾನೂ ನಕ್ಕೆ. ಅವನು ಯಾವಾಗಲೂ ಹೀಗೆಯೇ ಚೇಷ್ಟೆ ಮಾಡುವವ, ನಾನೂ ತಿರುಗಿ ಅನ್ನುವವ. ಆ ದಿನ ಮಾತ್ರ ಗಂಗಾಳ ಖಾಲಿ ಮಾಡಿ ಎದ್ದೆ.

ಕಂಪನಿಯ ಥೇಟರು ಎಂದರೆ ತಗಡು, ತಟ್ಟಿ ಕಟ್ಟಿದ ದೊಡ್ಡ ಚಪ್ಪರ. ಹತ್ತು ಗಂಟೆಗೆಲ್ಲ ತಗಡು ಕಾಯುತ್ತಿತ್ತು. ಮಾಲೀಕರು ಮುಂದೆ ಕೂತರು, ಪಕ್ಕದಲ್ಲಿ ಮಾಸ್ತರರು. ಕಂಪನಿಯ ಪೇಟಿ ನುಡಿಸುವ ಮುದುಕರೊಬ್ಬರು ರಂಗದ ಮೇಲೆಯೇ ನನ್ನ ಎಡಕ್ಕೆ ಒಂದು ಡಬ್ಬದ ಮೇಲೆ ಕೂತಿದ್ದರು. ತಟ್ಟಿಯ ಆಚೆ ಹೆಂಗಸರು ಕೂತಿದ್ದರು. ಅತ್ತೆಯ ಹಸಿರು ಸೀರೆಯ ಸೆರಗು ನನಗೆ ಕಾಣುತ್ತಿತ್ತು.

ಭಾವ ಪೇಟಿಗೆ ನಮಸ್ಕರಿಸಿದ. ನನ್ನ ಕಡೆ ನೋಡಿ ಕಣ್ಣು ಹೊಡೆದ. ನಾನು ಕರಿ ಎರಡರ ಮೇಲೆ ಬೆರಳಿಟ್ಟೆ.

ಬೆರಳು ತಪ್ಪಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ತಪ್ಪಿರಲಿಲ್ಲ. ಆರು ವರ್ಷದಿಂದ ಅವನಿಗೆ ಕರಿ ಒಂದು ಕೊಟ್ಟ ಬೆರಳು ಅದು. ನಿದ್ದೆಯಲ್ಲೂ ಅಲ್ಲಿಗೇ ಹೋಗುತ್ತಿತ್ತು. ಅದನ್ನು ಎತ್ತಿ ಮುಂದಿನ ಕರಿ ಮನೆಯ ಮೇಲೆ ನಾನೇ ಇಟ್ಟೆ.

ಸ್ವರ ಕೇಳಿದ ಕೂಡಲೆ ಭಾವ ನನ್ನನ್ನು ನೋಡಿದ. ಒಂದು ಉಸಿರಿನಷ್ಟು ಹೊತ್ತು. ನಾನು ಪೇಟಿಯ ಮೇಲಿಂದ ಕಣ್ಣೆತ್ತಲಿಲ್ಲ. ಅವನು ಆ ಸ್ವರವನ್ನೇ ತೆಗೆದುಕೊಂಡ. ಕೆಳಗಿನ ಸಾಲುಗಳು ಚೆನ್ನಾಗಿಯೇ ಬಂದವು, ಮಾಲೀಕರು ತಲೆದೂಗಿದರು. ಅವನು ಹಾಡುತ್ತಿದ್ದ ರಂಗಪದದ ಎರಡನೆಯ ಭಾಗದಲ್ಲಿ ದನಿ ಮೇಲಕ್ಕೆ ಹತ್ತಿ ಅಲ್ಲಿಯೇ ನಿಲ್ಲಬೇಕು. ಅವನು ಹತ್ತಿದ. ಕುತ್ತಿಗೆಯ ನರ ಉಬ್ಬಿತು. ದನಿ ಅಲ್ಲಿ ಒಡೆಯಿತು. ಮತ್ತೊಮ್ಮೆ ಹತ್ತಿದ, ಮತ್ತೆ ಒಡೆಯಿತು. ಬಟ್ಟೆ ಹರಿದಂಥ ಸಪ್ಪಳ. ಮಾಸ್ತರರು ತಾಳಕ್ಕೆ ಕಾಲು ಆಡಿಸುತ್ತಿದ್ದರು. ಅದು ನಿಂತದ್ದನ್ನು ನಾನು ನೋಡಿದೆ.

ಮಾಲೀಕರು ಸಾಕು ಎಂದರು. ಮಾಸ್ತರರು ಎದ್ದು ರಂಗದ ಹತ್ತಿರ ಬಂದು ಅವನಿಗೆ ಯಾವ ಮನೆ ಕೊಟ್ಟೆ ಎಂದು ನನ್ನನ್ನು ಕೇಳಿದರು. ಪೇಟಿಯ ಮೇಲಿಂದ ಕೈಯನ್ನು ಆಗಲೇ ತೆಗೆದಿದ್ದೆ. ಕರಿ ಒಂದು ಎಂದೆ. ಅವರು ಇನ್ನೂ ನಿಂತೇ ಇದ್ದರು. ನಿಂತದ್ದು ನನಗೆ ತಡೆಯಲಾಗಲಿಲ್ಲ.

"ಮುಂಜಾನೆ ನುಚ್ಚು ಮಜ್ಜಿಗಿ ಉಂಡು ಬಂದಾನ್ರಿ, ಮಾಸ್ತರ್. ಅದಕ್ಕ ದನಿ ಕೂತದ."

ಗಟ್ಟಿಯಾಗಿಯೇ ಹೇಳಿದೆ. ತಟ್ಟಿಯ ಆಚೆ ಹಸಿರು ಸೆರಗು ಬಾಯಿಗೆ ಹೋಯಿತು.

ನಾನೂ ಅದೇ ನುಚ್ಚು, ಅದೇ ಮಜ್ಜಿಗೆ, ಅವನಿಗಿಂತ ಒಂದು ಸವಟು ಹೆಚ್ಚು ಉಂಡಿದ್ದೆ. ಅದು ಯಾರಿಗೂ ಹೊಳೆಯಲಿಲ್ಲ. ಭಾವನಿಗೆ ಹೊಳೆದಿರಬೇಕು, ಅವನು ಬಾಯಿ ಬಿಡಲಿಲ್ಲ.

ಬಂದದ್ದಕ್ಕೆ ಇವನೂ ಒಂದು ಹಾಡಲಿ ಎಂದರು ಮಾಲೀಕರು. ಕಂಪನಿಯ ಮುದುಕರು ನನ್ನ ಜಾಗಕ್ಕೆ ಬಂದು ಪೇಟಿ ಹಿಡಿದರು. ನನ್ನನ್ನು ಏನೂ ಕೇಳದೆ ಕರಿ ಎರಡು ಕೊಟ್ಟರು. ಹಾಡಿದೆ. ಎಲ್ಲಿಯೂ ಒಡೆಯಲಿಲ್ಲ. ಕಂಪನಿ ಎಂಟು ದಿನಕ್ಕೆ ಆಳಂದಕ್ಕೆ ಹೋಗುತ್ತದೆ, ಅಲ್ಲಿಗೆ ಬಂದು ಸೇರಿಕೋ ಎಂದರು ಮಾಲೀಕರು. ಎಲ್ಲರೂ ಇಳಿದ ಮೇಲೆ ಆ ಮುದುಕರು ಪೇಟಿಗೆ ಬಟ್ಟೆ ಹೊದಿಸುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಅಂದರು.

"ಕರಿ ಎರಡು ನಿಂದು, ತಮ್ಮಾ. ಅವಂದಲ್ಲ. ಆಳಂದಕ್ಕ ಬಾ. ನಿನಗ ದಿನಾ ಸ್ವರ ಕೊಡಾಂವ ನಾನ ಇರ್ತೇನಿ."

ಗಾಡಿ ಕಟ್ಟಿ ತಿರುಗಿ ಹೊರಟೆವು. ತವರಿನವರು ದಾರಿಗೆಂದು ಒಂದು ಗಡಿಗೆ ಮಜ್ಜಿಗೆ ಕಟ್ಟಿಕೊಟ್ಟಿದ್ದರು. ಭೀಮಾ ಹೊಳೆಯ ದಂಡೆಯಲ್ಲಿ ಗಾಡಿ ನಿಂತಾಗ ಅತ್ತೆ ಇಳಿದು ಅದನ್ನು ನೀರಿಗೆ ಸುರಿದಳು. ಗಡಿಗೆ ತೊಳೆದು ಬೋರಲು ಹಾಕಿಕೊಂಡು ಬಂದು ಕೂತಳು. ಅಂದಿನಿಂದ ಅವಳು ಮಜ್ಜಿಗೆ ಬಿಟ್ಟಳು. ನಮ್ಮ ಕಡೆ ಬೇಸಿಗೆಯಲ್ಲಿ ಮಜ್ಜಿಗೆ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯವರಿಗೆಲ್ಲ ಕಡೆದು ಹಾಕುವಳು, ತಾನು ನೀರು ಕುಡಿಯುವಳು.

ಎಂಟು ದಿನಕ್ಕೆ ನಾನು ಟ್ರಂಕು ಹೊತ್ತು ಆಳಂದಕ್ಕೆ ಹೋದೆ. ಅಪ್ಪ ಬೇಡವೆಂದು ಅಡ್ಡ ನಿಂತ, ಅದಕ್ಕೆ ಕಂಪನಿ ಸೇರಲಿಲ್ಲ ಎಂದು ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಅಪ್ಪ ಒಂದು ದಿನ ಮುಖ ಗಂಟು ಹಾಕಿಕೊಂಡ, ಮರುದಿನ ತಾನೇ ಟ್ರಂಕಿಗೆ ಹಗ್ಗ ಕಟ್ಟಿಕೊಟ್ಟ. ನನ್ನನ್ನು ಯಾರೂ ತಡೆಯಲಿಲ್ಲ.

ಚಪ್ಪರದ ಹೊರಗೆ ನಿಂತೆ. ಒಳಗೆ ತಾಲೀಮು ನಡೆದಿತ್ತು. ಯಾರೋ ಹಾಡುತ್ತಿದ್ದರು, ಅದೇ ಪದ. ಆ ಮುದುಕರು ಪೇಟಿಯ ಮೇಲಿದ್ದರು. ಹಾಡುವವನ ಬೆನ್ನಿಗೆ ಕೈ ಕೊಟ್ಟು ಮೇಲೆ ಹತ್ತಿಸಿದಂತೆ ಪೇಟಿ ಅವನ ಜೊತೆಗೆ ಹೋಗುತ್ತಿತ್ತು. ಇನ್ನು ನಾನು ಪ್ರತಿ ದಿನ ಈ ಮುದುಕರ ಎದುರು ನಿಂತು, ಪೇಟಿಗೆ ಕೈ ಮುಗಿದು, ಅವರು ಕೊಟ್ಟ ಸ್ವರ ತೆಗೆದುಕೊಳ್ಳಬೇಕು. ಅವರಿಗೆ ಎಲ್ಲ ಗೊತ್ತು. ಟ್ರಂಕು ಎತ್ತಿಕೊಂಡು ಹೊರಟುಬಿಟ್ಟೆ. ಅಪ್ಪನ ಪರಿಚಯದವರೊಬ್ಬರು ಆಳಂದದ ಕಚೇರಿಯಲ್ಲಿದ್ದರು. ಉರ್ದು ಚೆನ್ನಾಗಿ ಬರೆಯುವವನು ಅವರಿಗೆ ಬೇಕಾಗಿದ್ದ. ಮಾಸ್ತರರು ಹೇಳಿದ ಕುರ್ಚಿ ಅದೇ ವಾರ ಸಿಕ್ಕಿತು.

ಭಾವನಿಂದ ಕಸಿದುಕೊಂಡದ್ದನ್ನು ನಾನೂ ಉಣ್ಣಲಿಲ್ಲ.

ಅಲ್ಲಿಂದ ಮುಂದೆ ಆಳಂದಕ್ಕೆ ಯಾವ ಕಂಪನಿ ಬಂದರೂ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಪೇಟಿ ಶುರುವಾದರೆ ಎಡಗೈ ತೊಡೆಯ ಮೇಲೆ ತಾನಾಗಿಯೇ ಗಾಳಿ ಹಾಕುತ್ತಿತ್ತು. ನಾನು ಒಳಗೆ ಹೋಗಿದ್ದರೆ ಏನಾಗುತ್ತಿದ್ದೆ ಎಂದು ಯೋಚಿಸದ ದಿನವಿಲ್ಲ. ಒಳ್ಳೆಯ ನಟನಾಗುತ್ತಿದ್ದೆನೇ? ಇಲ್ಲವೆಂದೇ ಈಗ ಅನಿಸುತ್ತದೆ. ದನಿ ಮೇಲೆ ಹೋಗುತ್ತಿತ್ತು, ಅಷ್ಟೇ. ಭಾವ ಹೋಗಿದ್ದರೆ ಏನಾಗುತ್ತಿದ್ದ ಎಂಬ ಯೋಚನೆಗೆ ಮಾತ್ರ ನನ್ನಲ್ಲಿ ಉತ್ತರವಿತ್ತು, ಆ ಉತ್ತರಕ್ಕೆ ಹೆದರಿ ನಾಟಕ ಮುಗಿಯುವ ಮುಂಚೆ ಎದ್ದುಬರುತ್ತಿದ್ದೆ.

ಭಾವ ಹೊಲಕ್ಕಿಳಿದ. ಅಮಾವಾಸ್ಯೆಯ ಭಜನೆಯಲ್ಲಿ ಹಾಡುತ್ತಿದ್ದ, ಏಕತಾರಿ ಹಿಡಿದು, ಪೇಟಿ ಇಲ್ಲದೆ. ನಾನು ರಜೆಗೆ ಹೋದಾಗ ಭಜನೆಯವರು ಪೇಟಿ ತರಲೇ ಎಂದು ಕೇಳಿದರೆ, ಅವನು ಬೇಡ್ರಿ, ಕಚೇರಿ ಮಂದಿಗೆ ಯಾಕ ತ್ರಾಸ ಎನ್ನುವನು. ನನಗೆ 'ಲೇ' ಎನ್ನುವುದು ಬಿಟ್ಟಿದ್ದ. ಬರ್ರಿ, ಕೂಡ್ರಿ ಎನ್ನುತ್ತಿದ್ದ. ನೌಕರಿಯವನಿಗೆ ಮರ್ಯಾದೆ ಎಂದು ಮಂದಿ ತಿಳಿದರು.

ನಲವತ್ತರ ದಶಕದ ನಡುವೆ ಮಾವ ತೀರಿಕೊಂಡ. ದಿನಕರ್ಮಕ್ಕೆ ಹೋದವನು ಎರಡು ದಿನ ಉಳಿದೆ. ಮಧ್ಯಾಹ್ನ ಭಾವನ ಜೊತೆ ಹೊಲದ ಬಾವಿಯ ಕಡೆ ಹೋದಾಗ, ಮೋಟು ಗೋಡೆಯ ಮೇಲೆ ಕೂತು, ಅವನ ಮುಖ ನೋಡದೆ ಎಲ್ಲ ಹೇಳಿದೆ. ಬೆರಳು ತಪ್ಪಿರಲಿಲ್ಲ ಎಂದೂ ಹೇಳಿದೆ. ತಪ್ಪಾಯಿತು ಎಂದೆ. ಅವನು ಎತ್ತಿನ ಹಗ್ಗ ಬಿಗಿದು ಕಟ್ಟಿದ.

"ಮೊದಲ್ನೇ ಸ್ವರಕ್ಕೇ ಗೊತ್ತಾತು ಲೇ" ಎಂದ.

ಎಷ್ಟೋ ವರ್ಷದ ಮೇಲೆ ಲೇ ಎಂದಿದ್ದ. ನನಗೆ ಅಳು ಬಂತು. ಮತ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾಸ್ತರರ ಮುಂದೆ ಪೇಟಿಗೆ ಎದುರಾಡುವುದು ಹೇಗೆ ಎಂದ. ನೀನು ಹೆದರಿ ತಪ್ಪಿದ್ದಿ ಅಂತ ತಿಳಿದಿದ್ದೆ, ಹೇಳಿದ್ದರೆ ಮಾಸ್ತರರು ನಿನ್ನನ್ನು ಅಂದೇ ಹೊರಗೆ ಹಾಕುತ್ತಿದ್ದರು ಎಂದ. ಮಜ್ಜಿಗೆಯ ಮಾತು ಕೇಳಿದ ಮೇಲೆ ತಿಳಿಯಿತು ಎಂದ. ಆಮೇಲೆ ಎದ್ದು ನಿಂತ.

"ನನಗ ಹೇಳಿ ಹಗುರಾದಿ. ನನ್ನ ಹೊಟ್ಟ್ಯಾಗೇನು ಉಳದಿಲ್ಲ. ಅವ್ವಗ ಹೇಳು. ನಾ ಹೇಳಂಗಿಲ್ಲ. ಅದು ನೀನ ಹೇಳೋದು."

ಮನೆಗೆ ಬಂದೆ. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೇಳಿಯೇ ಏಳಬೇಕೆಂದು ಅವಳ ಎದುರಿಗೆ ಕೂತೆ. ಅವಳು ಗಂಗಾಳ ಇಟ್ಟು, ರೊಟ್ಟಿ ಹಾಕಿ, ಬಟ್ಟಲಿಗೆ ಮಜ್ಜಿಗೆ ಸುರಿದಳು. ಸುರಿಯುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಮಾತು ತೆಗೆದಳು. ಹಿಟ್ಟಿನ ಕೈ ಹಾಗೆಯೇ ನಿಂತಿತ್ತು.

"ಅಳ್ಯಾ, ನೀ ಓದಿದಾಂವ. ಒಂದು ಮಾತು ಕೇಳ್ತೇನಿ, ಖರೇ ಹೇಳು. ಆವತ್ತು ನೀನೂ ಉಂಡಿದ್ದಿ ಅಲ್ಲ? ಅದ ಗಡಿಗಿ, ಅದ ಮಜ್ಜಿಗಿ. ನಿನ್ನ ದನಿಗೇನೂ ಆಗಲಿಲ್ಲ. ನನ್ನ ಕೂಸಿನ ದನಿ ಯಾಕ ಒಡೀತು?"

ಅವಳು ಇದನ್ನು ಏಳೆಂಟು ವರ್ಷ ಒಳಗೇ ಇಟ್ಟುಕೊಂಡಿದ್ದಳು. ಅವಳ ದನಿಯಲ್ಲಿ ಸಂಶಯವಿರಲಿಲ್ಲ. ನಾನು ಏನು ಹೇಳಿದರೂ ನಂಬಲು ಅವಳು ಸಿದ್ಧಳಾಗಿ ಕೂತಿದ್ದಳು. ಅಂಥ ಮುಖಕ್ಕೆ ನಿಜ ಹೇಳುವುದು ಇನ್ನೂ ಸುಲಭವಾಗಬೇಕಿತ್ತು.

ಮುಂದಿದ್ದ ರೊಟ್ಟಿ ಅವಳದು. ನಾನು ಮೀಸೆ ಬರುವ ಮುಂಚಿನಿಂದ ಉಂಡದ್ದು ಅವಳ ಕೈಯ ಅನ್ನ. ಈ ಮನೆಯಲ್ಲಿ ಇನ್ನೊಮ್ಮೆ ಹೀಗೆ ಕೂತು ಉಣ್ಣಲು ಸಾಧ್ಯವಿಲ್ಲ ಎಂಬ ಹೆದರಿಕೆ ಹುಟ್ಟಿತು. ಅಷ್ಟಕ್ಕೇ ಹೆದರಿದೆ.

"ಒಬ್ಬೊಬ್ಬರ ದನಿ ಒಂದೊಂದು ನಮೂನಿ ಇರ್ತದ, ಅತ್ತಿ. ನನಗ ನಡೀತದ. ಅವಗ ಆಗಿ ಬರಲಿಲ್ಲ."

ಅವಳು ಹೌದು ಎಂಬಂತೆ ತಲೆಯಾಡಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಬಟ್ಟಲಿನ ಮಜ್ಜಿಗೆ ಕುಡಿದೆ. ಕುಡಿಯದೆ ಬಿಡಲು ಕಾರಣ ಹೇಳಬೇಕಾಗುತ್ತಿತ್ತು.

ಅಫಜಲಪುರದಲ್ಲಿ ಮಾಡಿದ್ದು ಹತ್ತೊಂಬತ್ತರ ಹುಡುಗ. ಈ ಮಾತು ಆಡಿದಾಗ ನನಗೆ ಇಬ್ಬರು ಮಕ್ಕಳಿದ್ದರು. ಸಂಜೆ ಭಾವ ಹೊಲದಿಂದ ಬಂದು ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ಬಸ್ಸಿಗೆ ಹೊತ್ತಾಯಿತು, ನಡೀರಿ ಎಂದ. ಮತ್ತೆ ರಿ ಹಚ್ಚಿದ್ದ.

ಅತ್ತೆ ಮುಂದಿನ ಬೇಸಿಗೆಗೆ ತೀರಿಹೋದಳು. ಉರಿ ಜ್ವರವಿತ್ತಂತೆ. ನಾಲಿಗೆ ಒಣಗುತ್ತದೆ ಎಂದು ಸೊಸೆ ಚಮಚದಲ್ಲಿ ಮಜ್ಜಿಗೆ ಹಿಡಿದರೆ ಮುಖ ತಿರುಗಿಸಿದಳಂತೆ. ಎರಡು ದಿನ ಹಾಗೆಯೇ ಆಯಿತು ಎಂದು ಭಾವ ಹೇಳಿದ.

ಭಾವನ ಮುಂದೆ ತಪ್ಪೊಪ್ಪಿಕೊಂಡೆ. ಮಾಸ್ತರರು ಹಾಸಿಗೆ ಹಿಡಿದಾಗ ಜೇವರ್ಗಿಗೆ ಹೋಗಿ ಅವರ ಕಾಲಿಗೂ ಬಿದ್ದೆ. ಕೇಳಿಸಿತೋ ಇಲ್ಲವೋ, ತಲೆಯ ಮೇಲೆ ಕೈಯಿಟ್ಟರು. ಕಂಪನಿಯ ಆ ಮುದುಕರಿಗೆ ನಾನು ಹೇಳುವುದೇನೂ ಇರಲಿಲ್ಲ.

ಒಬ್ಬಳ ಹತ್ತಿರ ಮಾತ್ರ ಕ್ಷಮೆ ಕೇಳಲಿಲ್ಲ. ಕೇಳಲು ಅವಳೇ ದಾರಿ ಮಾಡಿಕೊಟ್ಟಾಗಲೂ ಕೇಳಲಿಲ್ಲ. ಅವಳು ನನ್ನ ತಾಯಿಯ ಅಣ್ಣನ ಹೆಂಡತಿ, ಜೇವರ್ಗಿಯ ಮನೆಯಲ್ಲಿ ಎರಡು ಗಂಗಾಳ ಜೋಡಿಸಿ ಇಡುತ್ತಿದ್ದವಳು, ನನ್ನ ಅತ್ತಿ.